ಪಾರ್ಕ್ ಸ್ಟ್ರೀಟಿನ ಗೋರಿಗಳೂ ಮಲೆಯೂರಿನ ಧರ್ಮಯ್ಯನವರೂ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಊರ ನಡುವಿನ ಹಳೇ ಗೋರಿ ಜಾಗಗಳನ್ನೆಲ್ಲ ಸಮ ಮಾಡಿ ವಾಹನ ನಿಲ್ಲಿಸುವುದಕ್ಕೆ ಬಿಟ್ಟುಕೊಡಬೇಕಂತೆ. ಇನ್ನೂರು ವರ್ಷದ ಹಿಂದೆ ಸತ್ತ, ಅದೂ ಕಂಪನಿ ಸರ್ಕಾರದ ಬಿಳಿಯರಿಗೆ, ಈಗ ಇಷ್ಟು ಬೆಲೆ ಬಾಳುವ ಜಾಗ ಯಾಕೆ ಅಂತ ಅವರ ಪ್ರಶ್ನೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗಾಡಿ ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹೊಡೆದವರ ತಲೆಯಲ್ಲಿ ಎಂಥ ಯೋಚನೆ ಬೇಕಾದರೂ ಬರುತ್ತದೆ. ಆದರೆ ಆ ಪತ್ರ ಓದಿದಾಗ ನಾನು ಕೂತಿದ್ದದ್ದು ಕೋಲ್ಕತ್ತದಲ್ಲಿ, ಅಂಥದ್ದೇ ಒಂದು ಜಾಗದಿಂದ ಅರ್ಧ ಗಂಟೆ ನಡಿಗೆ ದೂರದ ಬಾಡಿಗೆ ಮನೆಯಲ್ಲಿ. ಸುಮ್ನೆ ಇರಲು ಆಗಲಿಲ್ಲ.

ಮೊದಲು ಒಂದು ಮಾತು. ಗೋರಿ ಅಂದರೆ ನಮಗೆ ಆಗದು ಅನ್ನುವುದು ಪೂರ್ತಿ ನಿಜವಲ್ಲ. ವಿಜಯಪುರದ ಗೋಲ್ ಗುಂಬಜ್ ಗೋರಿಯೇ ಅಲ್ವಾ? ಮುಹಮ್ಮದ್ ಆದಿಲ್ ಶಾ ಕೆಳಗೆ ಮಲಗಿದ್ದಾನೆ, ಮೇಲೆ ಶಾಲೆ ಮಕ್ಕಳು ತಮ್ಮ ಹೆಸರು ಕೂಗಿ ಕೂಗಿ ಏಳು ಸಲ ಕೇಳಿಸಿಕೊಳ್ಳುತ್ತಾರೆ. ನಾನೂ ಕೂಗಿದ್ದೇನೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಬಸ್ಸು ತುಂಬಿಸಿಕೊಂಡು ಹೋಗುತ್ತೇವೆ. ಮಠಗಳಲ್ಲಿ ಗದ್ದುಗೆಗೆ ಅಡ್ಡ ಬೀಳುತ್ತೇವೆ, ಅದೂ ಸಮಾಧಿಯೇ. ನಮ್ಮ ಜಿಲ್ಲೆಗಳಲ್ಲಿ ಹೊಲದ ಬದುವಿಗೆ ಒರಗಿಸಿಟ್ಟ ವೀರಗಲ್ಲಿಗೆ ಈಗಲೂ ಅರಿಶಿನ ಕುಂಕುಮ ಹಚ್ಚುವವರಿದ್ದಾರೆ. ಮದ್ದೂರಿನ ಹತ್ತಿರದ ಆತಕೂರಿನಲ್ಲಂತೂ ಹತ್ತನೇ ಶತಮಾನದಲ್ಲಿ ಒಂದು ನಾಯಿಗೆ ಕಲ್ಲು ನಿಲ್ಲಿಸಿದರು. ಕಾಳಿ ಅಂತ ಅದರ ಹೆಸರು. ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಸಾವನ್ನೂ ಬರೆದಿಟ್ಟ ಜನ ನಾವು. ಹಾಗಾಗಿ ಸತ್ತವರಿಗೆ ಜಾಗ ಯಾಕೆ ಅನ್ನುವ ಮಾತು ನಮ್ಮ ಬಾಯಲ್ಲಿ ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ.

ಸರಿ, ಕೋಲ್ಕತ್ತಕ್ಕೆ ಬರುತ್ತೇನೆ. ಕೆಲಸದಲ್ಲಿ ವರ್ಗವಾಗಿ ಇಲ್ಲಿಗೆ ಬಂದ ಮೊದಲ ತಿಂಗಳು ಭಾನುವಾರ ಏನು ಮಾಡಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಪಾರ್ಕ್ ಸ್ಟ್ರೀಟ್ ಉದ್ದಕ್ಕೂ ನಡೆಯುತ್ತಿದ್ದೆ. ಶುರುವಿನಲ್ಲಿ ಹೋಟೆಲು, ಕೇಕಿನ ಅಂಗಡಿ, ಹಾಡು, ಜನಜಂಗುಳಿ. ಪೂರ್ವಕ್ಕೆ ಹೋದ ಹಾಗೆ ಗದ್ದಲ ಕಮ್ಮಿಯಾಗಿ, ಮಲ್ಲಿಕ್ ಬಜಾರ್ ಬರುವ ಮುಂಚೆ ಬಲಗಡೆ ಒಂದು ಎತ್ತರದ ಗೋಡೆ ಸಿಗುತ್ತದೆ. ಅದರೊಳಗೆ ಕಂಪನಿ ಕಾಲದ ಬಿಳಿಯರ ಸ್ಮಶಾನ. ಹೋಗಿ ನೋಡಿದರೆ ಒಂದು ಊರೇ ಇದೆ. ಊರು ಅಂತ ಸುಮ್ನೆ ಹೇಳುತ್ತಿಲ್ಲ. ಆಳೆತ್ತರದ ಕಲ್ಲು, ಅದರ ಮೇಲೊಂದು ಶಿಲುಬೆ, ಇಷ್ಟೇ ಇರುತ್ತದೆ ಅಂದುಕೊಂಡು ಹೋದವನು ನಾನು. ಇಲ್ಲಿ ನೋಡಿದರೆ ಎರಡು ಮೂರು ಮಹಡಿ ಎತ್ತರದ ಪಿರಮಿಡ್‌ಗಳು, ಕಂಬಗಳ ಮೇಲೆ ಗುಮ್ಮಟ ಹೊತ್ತ ಮಂಟಪಗಳು, ಮೇಲೆ ಹೋದ ಹಾಗೆ ಸಣ್ಣಗಾಗುವ ಚೌಕ ಕಂಬಗಳು. ಎಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ನಡುವೆ ಓಣಿಗಳು, ಮೇಲೆ ಮರಗಳ ಚಪ್ಪರ. ಮಳೆಗಾಲದಲ್ಲಿ ಹೋದರೆ ಗೋಡೆಯೆಲ್ಲ ಪಾಚಿ ಹಿಡಿದು ಹಸಿರು ಕಪ್ಪಾಗಿರುತ್ತದೆ.

ಒಂದು ಗಮ್ಮತ್ತಿನ ವಿಷಯವೆಂದರೆ ಈ ಭರ್ಜರಿ ಗೋರಿಗಳಲ್ಲಿ ಹೆಚ್ಚಿನವು ಕಲ್ಲಿನವೇ ಅಲ್ಲ. ಗಂಗೆಯ ಮೆಕ್ಕಲು ಮಣ್ಣಿನ ಬಂಗಾಳದಲ್ಲಿ ಕಲ್ಲೆಲ್ಲಿ ಬರಬೇಕು? ಇಟ್ಟಿಗೆಯಲ್ಲಿ ಕಟ್ಟಿ, ಮೇಲೆ ಸುಣ್ಣದ ಗಾರೆ ಮೆತ್ತಿ, ನಯ ಮಾಡಿ, ರೋಮಿನ ಅಮೃತಶಿಲೆಯ ಹಾಗೆ ಕಾಣಿಸಿದ್ದಾರೆ. ಬರಹದ ಫಲಕ ಮಾತ್ರ ಕಲ್ಲು. ಕಟ್ಟಿದವರು ಇಲ್ಲಿನ ಗಾರೆ ಕೆಲಸದವರೇ. ಗಾರೆ ಉದುರಿದ ಕಡೆ ತೆಳ್ಳನೆ ಹಳೇ ಇಟ್ಟಿಗೆ ಹಲ್ಲು ಕಿರಿದ ಹಾಗೆ ಕಾಣುತ್ತದೆ. ನನಗಂತೂ ಒಳಗೆ ಮಲಗಿದವರ ಬಿರುದುಗಳಿಗಿಂತ ಆ ಇಟ್ಟಿಗೆ ಸಾಲನ್ನು ನೋಡುವುದೇ ಜಾಸ್ತಿ ಇಷ್ಟ.

ಇದು ಶುರುವಾದದ್ದು 1767ರಲ್ಲಿ. ಅದಕ್ಕೂ ಮುಂಚೆ ಕಂಪನಿಯವರು ಹೂಳುತ್ತಿದ್ದದ್ದು ಊರ ಒಳಗೆ, ಈಗ ಸೇಂಟ್ ಜಾನ್ಸ್ ಚರ್ಚ್ ಇರುವ ಜಾಗದಲ್ಲಿ. ಇಲ್ಲಿ ಕಂಪನಿಯ ನೆಲೆ ಶುರು ಮಾಡಿದ ಜಾಬ್ ಚಾರ್ನಾಕ್‌ನ ಸಮಾಧಿ ಇರುವುದು ಅಲ್ಲೇ. ಅದು ತುಂಬಿಹೋಯಿತು. ಜನ ಹಾಗೆ ಸಾಯುತ್ತಿದ್ದರು. ಇಂಗ್ಲೆಂಡಿನಿಂದ ಹಡಗಿಳಿದು ಬಂದವನ ಆಯಸ್ಸು ಎರಡು ಮಳೆಗಾಲ ಅಂತ ಆಗ ಒಂದು ಮಾತೇ ಇತ್ತು. ಮಳೆ ನಿಂತ ಮೇಲೆ ಬದುಕಿ ಉಳಿದವರೆಲ್ಲ ಸೇರಿ, ನೀನೂ ಉಳಿದೆಯಾ, ನಾನೂ ಉಳಿದೆ ಅಂತ ಊಟ ಹಾಕಿಸುತ್ತಿದ್ದರಂತೆ. ಹೀಗಾಗಿ ಊರಾಚೆ, ಜೌಗು ಮುಗಿಯುವ ಕಡೆ ಹೊಸ ಜಾಗ ಹುಡುಕಿದರು. ಅಲ್ಲಿಗೆ ಹೋಗುವ ದಾರಿಯ ಹೆಸರೇ ಸ್ಮಶಾನದ ರಸ್ತೆ ಅಂತಿತ್ತು. ಆಮೇಲೆ, ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಜಿಂಕೆ ವನ ಅದೇ ದಾರಿಯಲ್ಲಿ ಇದ್ದದ್ದರಿಂದ ಪಾರ್ಕ್ ಸ್ಟ್ರೀಟ್ ಅಂತಾಯಿತು. ಈಗ ಕಾಗದದ ಮೇಲೆ ಮದರ್ ತೆರೇಸಾ ಸರಣಿ. ಇವತ್ತು ಕ್ರಿಸ್‌ಮಸ್ ರಾತ್ರಿ ಲಕ್ಷ ದೀಪ ಹಚ್ಚಿ ಕುಣಿಯುವ ರಸ್ತೆ ಒಂದು ಕಾಲಕ್ಕೆ ಹೆಣ ಹೊತ್ತುಕೊಂಡು ಹೋಗುವ ದಾರಿಯಾಗಿತ್ತು ಅಂತ ನನ್ನ ಕಚೇರಿಯ ಎಷ್ಟೋ ಬಂಗಾಳಿಗಳಿಗೇ ಗೊತ್ತಿಲ್ಲ.

1830ರ ದಶಕದ ಹೊತ್ತಿಗೆ ಇಲ್ಲಿ ಹೂಳುವುದು ನಿಂತಿತು. ಸುಮಾರು 1,600 ಗೋರಿಗಳಿವೆ. ನಾನು ಎಣಿಸಿಲ್ಲ, ಆದರೆ ವಯಸ್ಸುಗಳನ್ನು ಓದುತ್ತಾ ಹೋಗಿದ್ದೇನೆ. ಹತ್ತೊಂಬತ್ತು, ಇಪ್ಪತ್ತೆರಡು, ಎಂಟು ತಿಂಗಳು, ಮೂರು ದಿನ. ಹೆರಿಗೆಯಲ್ಲಿ ಹೋದ ಹೆಣ್ಣುಮಕ್ಕಳು ಎಷ್ಟೋ. ರೋಸ್ ಎಯ್ಲ್ಮರ್ ಅನ್ನುವ ಹುಡುಗಿ 1800ರಲ್ಲಿ ಹೋದಾಗ ಅವಳಿಗೆ ಇಪ್ಪತ್ತು ವರ್ಷ. ಊರಲ್ಲಿ ಅವಳನ್ನು ಮೆಚ್ಚಿಕೊಂಡಿದ್ದ ಕವಿ ಲ್ಯಾಂಡರ್ ಅವಳ ಮೇಲೆ ನಾಲ್ಕು ನಾಲ್ಕು ಸಾಲಿನ ಎರಡು ಪದ್ಯ ಬರೆದ. ಇಷ್ಟು ವರ್ಷದ ಮೇಲೂ ಅವಳ ಗೋರಿಯ ಮುಂದೆ ಯಾರಾದರೂ ಒಬ್ಬರು ನಿಂತಿರುತ್ತಾರೆ, ಸಾಮಾನ್ಯವಾಗಿ ಕಾಲೇಜು ಹುಡುಗರು.

ಎಲ್ಲರೂ ಹೀಗೆ ಪಾಪದವರಲ್ಲ. ಪದವಿ, ಪರಾಕ್ರಮ, ಸದ್ಗುಣಗಳ ಪಟ್ಟಿ ಹೊತ್ತ ಫಲಕಗಳನ್ನು ಓದುತ್ತಿದ್ದರೆ ಇಷ್ಟೊಂದು ಒಳ್ಳೆಯವರು ಸೇರಿಕೊಂಡು ಬಂಗಾಳವನ್ನು ಅಷ್ಟು ಬರಿದು ಮಾಡಿದ್ದು ಹೇಗೆ ಅಂತ ಆಶ್ಚರ್ಯವಾಗುತ್ತದೆ. ಈ ಸ್ಮಶಾನ ಶುರುವಾದ ಮೂರೇ ವರ್ಷಕ್ಕೆ, 1770ರಲ್ಲಿ, ಬಂಗಾಳದಲ್ಲಿ ಭೀಕರ ಬರ ಬಂತು. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅವರಿಗೆ ಯಾರು ಪಿರಮಿಡ್ ಕಟ್ಟಿದರು? ಇದನ್ನು ಮರೆಯಿರಿ ಅಂತ ನಾನು ಹೇಳುವುದಿಲ್ಲ. ಮರೆಯದೇ ಇರಬೇಕು ಅಂದರೆ ಈ ಜಾಗ ಬೇಕು ಅಂತಲೇ ನನ್ನ ವಾದ.

ಇನ್ನು ಕೆಲವರಿದ್ದಾರೆ, ಅವರನ್ನು ಯಾವ ಕಡೆಗೆ ಸೇರಿಸಬೇಕು ಅಂತಲೇ ತಿಳಿಯುವುದಿಲ್ಲ. ಮೇಜರ್ ಜನರಲ್ ಚಾರ್ಲ್ಸ್ ಸ್ಟುವರ್ಟ್ ಅನ್ನುವ ಐರಿಷ್‌ನವನಿಗೆ ಜನ ಇಟ್ಟ ಹೆಸರು ಹಿಂದೂ ಸ್ಟುವರ್ಟ್. ದಿನಾ ಬೆಳಿಗ್ಗೆ ಗಂಗೆಯಲ್ಲಿ ಮುಳುಗು ಹಾಕುತ್ತಿದ್ದ. ವಿಗ್ರಹಗಳನ್ನು ಮನೆ ತುಂಬ ಇಟ್ಟುಕೊಂಡಿದ್ದ. ಬಿಳಿ ಹೆಂಗಸರೆಲ್ಲ ಆ ಬಿಗಿ ಉಡುಪು ಬಿಟ್ಟು ಸೀರೆ ಉಡಬೇಕು ಅಂತ ಪತ್ರಿಕೆಗೆ ಬರೆದ, ಹೌದು, ನಮ್ಮ ಹಾಗೆ ಸಂಪಾದಕರಿಗೆ ಕಾಗದ ಬರೆಯುವ ಚಟದವನು. 1828ರಲ್ಲಿ ಸತ್ತಾಗ ಕ್ರೈಸ್ತ ಸ್ಮಶಾನದಲ್ಲಿ ಗುಡಿಯ ಆಕಾರದ ಗೋರಿ ಕಟ್ಟಿದರು, ಅವನ ವಿಗ್ರಹಗಳಲ್ಲಿ ಕೆಲವನ್ನು ಜೊತೆಗೇ ಇಟ್ಟು ಹೂತರು. ಉಳಿದ ಶಿಲ್ಪಗಳಲ್ಲಿ ಎಷ್ಟೋ ಈಗ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಭಕ್ತನೋ, ಗುಡಿಗಳಿಂದ ಮೂರ್ತಿ ಕಿತ್ತುಕೊಂಡು ಹೋದವನೋ? ಎರಡೂ ಹೌದು ಅನಿಸುತ್ತದೆ.

ಸರ್ ವಿಲಿಯಂ ಜೋನ್ಸ್ ಇಲ್ಲೇ ಇದ್ದಾನೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಬೇರಿನವು ಅಂತ 1786ರಲ್ಲಿ ಹೇಳಿದವನು, ಶಾಕುಂತಲವನ್ನು ಇಂಗ್ಲಿಷಿಗೆ ತಂದವನು. 1794ರಲ್ಲಿ ಸತ್ತ. ಅವನ ಗೋರಿಯೇ ಇಲ್ಲಿ ಎತ್ತರದವುಗಳಲ್ಲಿ ಒಂದು. ದೇವರಿಗೆ ಹೆದರಿದ, ಸಾವಿಗೆ ಹೆದರಲಿಲ್ಲ ಅನ್ನುವ ಅರ್ಥದ ಬರಹವನ್ನು ತಾನೇ ಬರೆದಿಟ್ಟಿದ್ದ. ಅವನು 1784ರಲ್ಲಿ ಕಟ್ಟಿದ ಏಷಿಯಾಟಿಕ್ ಸೊಸೈಟಿ ಈಗಲೂ ಒಂದನೇ ನಂಬರ್, ಪಾರ್ಕ್ ಸ್ಟ್ರೀಟ್. ರಸ್ತೆಯ ಆ ತುದಿಯಲ್ಲಿ ಸಂಸ್ಥೆ, ಈ ತುದಿಯಲ್ಲಿ ಕಟ್ಟಿದವನು.

ಬಂಗಾಳಿಗಳಿಗೆ ಇವರೆಲ್ಲರಿಗಿಂತ ಹತ್ತಿರದವನು ಡಿರೋಜಿಯೊ. ಹುಟ್ಟಿದ್ದು 1809ರಲ್ಲಿ, ಇದೇ ಊರಲ್ಲಿ. ಹದಿನೇಳು ಹದಿನೆಂಟು ವಯಸ್ಸಿಗೇ ಹಿಂದೂ ಕಾಲೇಜಿನ ಮೇಷ್ಟ್ರಾದ. ಏನನ್ನೂ ಪ್ರಶ್ನೆ ಮಾಡದೆ ಒಪ್ಪಬೇಡಿ ಅಂತ ಹುಡುಗರಿಗೆ ಕಲಿಸಿದ. ಮೇಷ್ಟ್ರು ಹೀಗೆ ಕಲಿಸಿದರೆ ಏನಾಗುತ್ತದೋ ಅದೇ ಆಯಿತು. 1831ರ ಏಪ್ರಿಲ್‌ನಲ್ಲಿ ಕೆಲಸ ಹೋಯಿತು, ಡಿಸೆಂಬರ್‌ನಲ್ಲಿ ಕಾಲರಾ ಬಂದು ಪ್ರಾಣವೂ ಹೋಯಿತು. ಇಪ್ಪತ್ತೆರಡು ವರ್ಷ. ಅವನ ಗೋರಿಯ ಹತ್ತಿರ ಹೂವು ಬಾಡಿದ್ದನ್ನು ನಾನು ನೋಡಿದ್ದೇನೆ, ಹೂವೇ ಇಲ್ಲದ್ದನ್ನು ನೋಡಿದ್ದು ಕಮ್ಮಿ.

ಇಲ್ಲಿಗೆ ಬರುವವರು ಬರೀ ಇತಿಹಾಸದ ಹುಚ್ಚಿನವರಲ್ಲ. ಸತ್ಯಜಿತ್ ರಾಯ್ ತಮ್ಮ ಪತ್ತೇದಾರ ಫೆಲೂದಾನನ್ನು 1970ರ ದಶಕದಲ್ಲಿ ಈ ಗೋರಿಗಳ ನಡುವೆ ಕರೆತಂದು ಒಂದು ಕಥೆ ಬರೆದರು. ಆಮೇಲೆ ಅವರ ಮಗ ಅದನ್ನು ಸಿನಿಮಾ ಮಾಡಿದರು. ನನ್ನ ಮನೆಯ ಮಾಲೀಕರ ಮೊಮ್ಮಗನಿಗೆ ಎಂಟು ವರ್ಷ. ಅವನ ಪ್ರಕಾರ ಇದು ಸ್ಮಶಾನವಲ್ಲ, ಫೆಲೂದಾ ಹೋದ ಜಾಗ. ಚಿತ್ರ ಬರೆಯುವವರು ಬರುತ್ತಾರೆ, ಕ್ಯಾಮೆರಾದವರು ಬರುತ್ತಾರೆ, ಮನೆಯಲ್ಲಿ ಹೇಳದೆ ಬಂದ ಜೋಡಿಗಳೂ ಬರುತ್ತಾರೆ. ಜಾಧವಪುರ ವಿಶ್ವವಿದ್ಯಾಲಯದ ಹುಡುಗರು 1987ರಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಚಾರ್ಲ್ಸ್ ಡಿಕನ್ಸ್‌ನ ಮಗ ವಾಲ್ಟರ್ ಸೈನ್ಯದಲ್ಲಿದ್ದ. 1863ರ ಕೊನೆಯ ದಿನ ಕಲ್ಕತ್ತದಲ್ಲಿ ಸತ್ತ, ಭವಾನಿಪುರದ ಸ್ಮಶಾನದಲ್ಲಿ ಹೂತರು. ಅವನ ಕಲ್ಲು ಯಾರ ಕಣ್ಣಿಗೂ ಬೀಳದೆ ಇತ್ತು. ಈ ಹುಡುಗರು ದುಡ್ಡು ಕೂಡಿಸಿ ಆ ಕಲ್ಲನ್ನು ಇಲ್ಲಿಗೆ ತಂದಿಟ್ಟರು. ಮೂಳೆ ಅಲ್ಲಿ, ಕಲ್ಲು ಇಲ್ಲಿ. ನಗು ಬರುತ್ತದೆ, ಆದರೆ ಸಾಹಿತ್ಯ ಓದುವ ಹುಡುಗರು ಹೀಗೆ ಒಂದು ಕಲ್ಲಿನ ಹಿಂದೆ ಬಿದ್ದರಲ್ಲ ಅಂತ ಖುಷಿಯೂ ಆಗುತ್ತದೆ.

ಈಗ ಆ ಪತ್ರ ಬರೆದವರು ದಯವಿಟ್ಟು ಕೇಳಿಸಿಕೊಳ್ಳಬೇಕು. ಇದರ ಹೆಸರು ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ. ಸೌತ್ ಅಂದ ಮೇಲೆ ನಾರ್ತ್ ಕೂಡ ಇರಬೇಕಲ್ವಾ? ಇತ್ತು. ರಸ್ತೆಯ ಆಚೆ ಬದಿಯಲ್ಲಿ. ಇಂಗ್ಲಿಷ್ ಕಾದಂಬರಿಕಾರ ಠಾಕ್ರೆಯ ಅಪ್ಪ ರಿಚ್ಮಂಡ್ ಠಾಕ್ರೆಯನ್ನು 1815ರಲ್ಲಿ ಹೂತದ್ದು ಅಲ್ಲಿ. 1953ರಲ್ಲಿ ಅದನ್ನು ಕೆಡವಿದರು. ಈಗ ಅಲ್ಲಿ ಶಾಲೆ, ಆಸ್ಪತ್ರೆ. ನಾನು ಶಾಲೆಗೂ ಆಸ್ಪತ್ರೆಗೂ ವಿರೋಧಿಯಲ್ಲ, ಅವುಗಳಿಂದ ಸಾವಿರಾರು ಜನಕ್ಕೆ ಒಳ್ಳೆಯದಾಗಿದೆ. ಹತ್ತಿರದಲ್ಲೇ ಫ್ರೆಂಚರ ಒಂದು ಸ್ಮಶಾನವಿತ್ತು, ಅದೂ ಹೋಯಿತು. ಹಾಗೆ ನೋಡಿದರೆ ಇದೂ ಹೋಗಬೇಕಿತ್ತು. ಊರ ಮಧ್ಯದ ಹಲವು ಎಕರೆ ಜಾಗ, ಗಿಡಗಂಟಿ ಬೆಳೆದು, ಹಾವು ಹುಳ ಸೇರಿ, ಗೋಡೆಗೆ ಆತು ಜನ ಸಂಸಾರ ಹೂಡಿದ್ದ ಜಾಗ. ಉಳಿಸಿದ್ದು ಯಾವ ದೊಡ್ಡ ಯೋಜನೆಯೂ ಅಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇಂಥ ಸ್ಮಶಾನಗಳಿಗಾಗಿ ಬ್ಯಾಕ್ಸಾ ಅನ್ನುವ ಸಂಘ ಹುಟ್ಟಿತು, ಇಲ್ಲೂ ಕೆಲವರು ಸೇರಿ ಸಂಘ ಕಟ್ಟಿಕೊಂಡರು. ಗಿಡ ಕಡಿದರು, ಗಾರೆ ಮೆತ್ತಿಸಿದರು, ಬರಹಗಳನ್ನು ನಕಲು ಮಾಡಿಟ್ಟರು. ಈಗ ಕ್ರಿಶ್ಚಿಯನ್ ಬರಿಯಲ್ ಬೋರ್ಡ್ ನೋಡಿಕೊಳ್ಳುತ್ತದೆ. ಎಲ್ಲ ಚೆಂದವಾಗಿದೆ ಅಂತಲ್ಲ. ಅಶ್ವತ್ಥದ ಬೇರು ಗುಮ್ಮಟ ಸೀಳಿ ಇಳಿದಿರುವುದನ್ನು ಹೋದರೆ ನೀವೇ ನೋಡುತ್ತೀರಿ.

ಇಷ್ಟಾದರೂ ಇದು ಬಂಗಾಳಿಗಳ ಸಮಾಚಾರ, ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತೀರಿ ಅನ್ನಬಹುದು. ಅದಕ್ಕೇ ಬಂದೆ.

ಈ ಸ್ಮಶಾನದಲ್ಲಿ ಕಾಲಿನ್ ಮೆಕೆಂಜಿ ಇದ್ದಾನೆ. ಗೇಟಿನಲ್ಲಿ ಜೋನ್ಸ್ ಅಂದರೆ, ಡಿರೋಜಿಯೊ ಅಂದರೆ ಥಟ್ಟನೆ ಕೈ ತೋರಿಸುತ್ತಾರೆ. ಮೆಕೆಂಜಿ ಅಂದರೆ ಇನ್ನೊಂದು ಸಲ ಹೇಳಬೇಕಾಯಿತು. ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ, ಲೂಯಿಸ್‌ನ ಸ್ಟಾರ್ನೊವೇ ಅನ್ನುವ ಊರಲ್ಲಿ ಹುಟ್ಟಿ, 1783ರಲ್ಲಿ ಮದ್ರಾಸಿಗೆ ಬಂದವನು. ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಜಿನಿಯರ್ ಆಗಿ ಇದ್ದವನು. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಅವನಿಗೆ ಬಂತು. ಕಂಪನಿಗೆ ಬೇಕಾಗಿದ್ದದ್ದು ನಕ್ಷೆ, ಕಂದಾಯ, ದಾರಿ, ಸೈನ್ಯ ಸಾಗಿಸುವ ಲೆಕ್ಕ. ಅದನ್ನು ಕೊಟ್ಟ. ಅದರ ಜೊತೆಗೆ ಯಾರೂ ಕೇಳದ ಇನ್ನೊಂದು ಕೆಲಸವನ್ನೂ ಮಾಡಿಸಿದ. ಊರೂರಿಗೆ ಜನ ಕಳಿಸಿ, ಈ ಊರು ಹೇಗೆ ಹುಟ್ಟಿತು, ಈ ಕೋಟೆ ಕಟ್ಟಿದ ಪಾಳೆಯಗಾರ ಯಾರು, ಈ ಗುಡಿಗೆ ದತ್ತಿ ಬಿಟ್ಟವರು ಯಾರು ಅಂತ ಶಾನುಭೋಗರನ್ನೂ ಗೌಡರನ್ನೂ ಪೂಜಾರಿಗಳನ್ನೂ ಕೇಳಿಸಿ ಬರೆಸಿದ. ಅವೇ ನಾವು ಈಗ ಕೈಫಿಯತ್ತು ಅಂತ ಕರೆಯುವುದು. ಅವನು ಸತ್ತ ಮೇಲೆ ಪಟ್ಟಿ ಮಾಡಿದಾಗ ಶಾಸನಗಳ ನಕಲೇ 8,076 ಇದ್ದವು, ನಾಣ್ಯ 6,218. ಆ ರಾಶಿ ಒಡೆದು ಒಂದಷ್ಟು ಲಂಡನ್‌ಗೆ, ಒಂದಷ್ಟು ಮದ್ರಾಸಿಗೆ ಹೋಯಿತು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕನ್ನಡದ ಕೈಫಿಯತ್ತುಗಳು ಅಚ್ಚಾಗಿವೆ. ನಿಮ್ಮ ಊರಿನ ಇತಿಹಾಸ ಬೇಕು ಅಂತ ಯಾವ ಸ್ಥಳೀಯ ಇತಿಹಾಸಕಾರರ ಬಾಗಿಲು ತಟ್ಟಿದರೂ ಅವರ ಕಪಾಟಿನಲ್ಲಿ ಈ ಮೆಕೆಂಜಿ ಒಂದಲ್ಲ ಒಂದು ರೂಪದಲ್ಲಿ ಕೂತಿರುತ್ತಾನೆ.

ಆದರೆ ತಮಾಷೆ ಏನು ಗೊತ್ತಾ, ಅವನಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಓದಿದವರು ಬೇರೆ. ಕಾವಲಿ ವೆಂಕಟ ಬೋರಯ್ಯ, ಆತನ ತಮ್ಮ ಲಕ್ಷ್ಮಯ್ಯ, ಈ ತೆಲುಗು ಅಣ್ಣತಮ್ಮಂದಿರು ಅವನ ಬಲಗೈ. ಹಳಗನ್ನಡದ ಶಾಸನ ಎದುರಿಗೆ ಬಂದಾಗ ಮಾತ್ರ ಅವರಿಗೂ ಕಣ್ಣು ಕಟ್ಟಿದ ಹಾಗಾಗುತ್ತಿತ್ತು. ಆಗ ಓದಿ ಹೇಳಿದವರು ಮಲೆಯೂರಿನ ಜೈನ ಪಂಡಿತರು ಧರ್ಮಯ್ಯನವರು. ಮಲೆಯೂರು ಅಂದರೆ ನಮ್ಮ ಚಾಮರಾಜನಗರದ ಮಲೆಯೂರು, ಕನಕಗಿರಿ ಬೆಟ್ಟದ ಮಲೆಯೂರು. ಚಿಕ್ಕವನಿದ್ದಾಗ ಅಜ್ಜಿಯ ಸೆರಗು ಹಿಡಿದುಕೊಂಡು ಆ ಬೆಟ್ಟ ಹತ್ತಿದವನು ನಾನು. ಬಂಡೆಯ ಮೇಲೆ ಕೊರೆದ ಅಕ್ಷರಗಳನ್ನು ಬೆರಳಲ್ಲಿ ತಡವಿ, ಇದನ್ನು ಯಾರೂ ಓದೋಕಾಗಲ್ಲ ಕಣೋ ಅಂತ ಅಜ್ಜಿ ಹೇಳಿದ್ದು ನೆನಪಿದೆ. ಓದುವವರು ಅದೇ ಊರಲ್ಲಿ ಇದ್ದರು, ಇನ್ನೂರು ವರ್ಷದ ಹಿಂದೆ, ಅಂತ ನನಗೆ ಗೊತ್ತಾಗಿದ್ದು ಎರಡು ಸಾವಿರ ಕಿಲೋಮೀಟರ್ ದೂರದ ಈ ಸ್ಮಶಾನದಿಂದ ಶುರುವಾದ ಹುಡುಕಾಟದಲ್ಲಿ.

1816ರಲ್ಲಿ ಥಾಮಸ್ ಹಿಕ್ಕಿ ಅನ್ನುವ ಚಿತ್ರಗಾರ ಮೆಕೆಂಜಿಯ ದೊಡ್ಡ ಚಿತ್ರ ಬರೆದ. ಕೆಂಪು ಕೋಟಿನಲ್ಲಿ ಸಾಹೇಬ ನಡುವೆ ನಿಂತಿದ್ದಾನೆ. ಸುತ್ತ ಮೂವರು ನಮ್ಮವರು. ಒಬ್ಬರ ಕೈಯಲ್ಲಿ ತಾಳೆಗರಿ. ಹಿಂದೆ ದೂರದ ಗುಡ್ಡದ ಮೇಲೆ ಪುಟ್ಟದಾಗಿ ಕಾರ್ಕಳದ ಗೊಮ್ಮಟ ಕಾಣುತ್ತಾನೆ. ತಾಳೆಗರಿ ಹಿಡಿದವರೇ ಧರ್ಮಯ್ಯನವರು. ಆ ಚಿತ್ರವೂ ಲಂಡನ್‌ನಲ್ಲಿದೆ, ಇಂಟರ್ನೆಟ್‌ನಲ್ಲಿ ಸಿಗುತ್ತದೆ, ಒಮ್ಮೆ ತೆಗೆದು ನೋಡಿ. ಅದನ್ನು ಫೋನಿನಲ್ಲಿ ಇಟ್ಟುಕೊಂಡೇ ನಾನು ಪಾರ್ಕ್ ಸ್ಟ್ರೀಟಿಗೆ ಹೋಗಿದ್ದೆ.

ಮೆಕೆಂಜಿ ಆಮೇಲೆ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ, ಕಲ್ಕತ್ತಕ್ಕೆ ಬಂದ, ಸಂಗ್ರಹವನ್ನೂ ಜೊತೆಗೆ ತಂದ. ಅದನ್ನು ಓದಿ ಒಪ್ಪ ಮಾಡಬೇಕು ಅಂದುಕೊಂಡವನು ಮಾಡುವ ಮುಂಚೆಯೇ 1821ರ ಮೇ 8ರಂದು ತೀರಿಕೊಂಡ. ಅವನ ಹೆಂಡತಿ ಅಷ್ಟನ್ನೂ ಕಂಪನಿಗೆ ಒಂದು ಲಕ್ಷ ರೂಪಾಯಿಗೆ ಮಾರಿದಳು. ಈ ಕೆಲಸ ನಾನು ಮುಂದುವರಿಸುತ್ತೇನೆ, ನನಗೆ ಇದರ ಒಳಹೊರಗು ಗೊತ್ತು ಅಂತ ಲಕ್ಷ್ಮಯ್ಯ ಕೇಳಿಕೊಂಡ. ಆಗುವುದಿಲ್ಲ ಅಂದರು. ಒಬ್ಬ ದೇಶಿ ಮನುಷ್ಯ ಇಷ್ಟು ದೊಡ್ಡ ಕೆಲಸದ ಮುಖ್ಯಸ್ಥನಾಗುವುದು ಅವರಿಗೆ ಒಗ್ಗಲಿಲ್ಲ. ಆ ನಿರ್ಧಾರ ತೆಗೆದುಕೊಂಡದ್ದು ಇದೇ ರಸ್ತೆಯ ಆ ತುದಿಯ ಏಷಿಯಾಟಿಕ್ ಸೊಸೈಟಿಯಲ್ಲಿ.

ಹೀಗೆ ಗೋರಿ ಸಾಹೇಬನಿಗೆ ಸಿಕ್ಕಿತು. ಧರ್ಮಯ್ಯನವರಿಗೆ, ಲಕ್ಷ್ಮಯ್ಯನಿಗೆ ಇಲ್ಲಿ ಒಂದು ಗೇಣು ಕಲ್ಲೂ ಇಲ್ಲ. ಪತ್ರ ಬರೆದವರು ಇದನ್ನೇ ಹಿಡಿದುಕೊಂಡು, ಅದಕ್ಕೇ ಹೇಳಿದ್ದು ಕೆಡವಿ ಅಂತ, ಅನ್ನಬಹುದು. ಸ್ವಾಮಿ, ಆ ಗೋರಿಯನ್ನೂ ಕೆಡವಿಬಿಟ್ಟರೆ ಧರ್ಮಯ್ಯನವರ ಹೆಸರು ಎತ್ತುವುದಕ್ಕೆ ನನಗೆ ಇದ್ದ ಒಂದು ನೆಪವೂ ಹೋಗುತ್ತದೆ.

ನಮ್ಮ ಕಡೆ ನಾವು ಏನು ಮಾಡಿದ್ದೇವೆ? ಬೆಂಗಳೂರಿನ ಈಗಿನ ಹಡ್ಸನ್ ವೃತ್ತದ ಹತ್ತಿರ, ಮೈಸೂರು ಯುದ್ಧಗಳಲ್ಲಿ ಸತ್ತ ಕಂಪನಿ ಅಧಿಕಾರಿಗಳಿಗೆ ನಿಲ್ಲಿಸಿದ್ದ ಎತ್ತರದ ಸ್ಮಾರಕ ಕಂಬವನ್ನು 1964ರಲ್ಲಿ ಕೆಡವಿದರು. ಬೆಂಗಳೂರನ್ನು ಗೆದ್ದವರ ಗುರುತು ಬೆಂಗಳೂರಿನ ನಡುವೆ ಯಾಕಿರಬೇಕು ಅಂತ ಚಳವಳಿ ಮಾಡಿದವರ ಮನಸ್ಸು ನನಗೆ ಅರ್ಥವಾಗುತ್ತದೆ. ಬಹುಶಃ ಆಗ ನಾನಿದ್ದಿದ್ದರೆ ಅವರ ಜೊತೆ ಘೋಷಣೆ ಕೂಗುತ್ತಿದ್ದೆನೇನೋ. ಆದರೆ ಅದರ ಮೇಲಿದ್ದ ಹೆಸರುಗಳ ಜೊತೆಗೆ, ಇಲ್ಲಿ ಒಂದು ಕೋಟೆ ಇತ್ತು, 1791ರಲ್ಲಿ ಅದಕ್ಕಾಗಿ ಜನ ಕಾದಾಡಿ ಸತ್ತರು ಅನ್ನುವ ನೆನಪೂ ಆ ವೃತ್ತದಿಂದ ಹೋಯಿತು. ಈಗ ಅಲ್ಲಿ ಸಿಗ್ನಲ್ಲಿಗೆ ಕಾಯುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದ ಕಥೆ ಇನ್ನೊಂದು. ಮೈಸೂರು ರಸ್ತೆಯಿಂದ ಕೂಗಳತೆ ದೂರ, ಕಾವೇರಿ ಪಕ್ಕ. 1799ರ ಮುತ್ತಿಗೆಯಲ್ಲಿ ಸತ್ತವರು, ಆಮೇಲೆ ಅಲ್ಲೇ ಉಳಿದ ಸೈನಿಕರು, ಅವರ ಹೆಂಡಿರು ಮಕ್ಕಳು. ಕಂಪನಿ ಬಾಡಿಗೆಗೆ ಪಡೆದಿದ್ದ ಸ್ವಿಸ್ ದಳದವರ ಗೋರಿಗಳೂ ಇವೆ. ಪೊದೆ ಮುಚ್ಚಿಹೋಗಿದ್ದ ಅದನ್ನು ಕೊನೆಗೆ ರಿಪೇರಿ ಮಾಡಿಸಿದ್ದು ಯಾರು ಅಂದರೆ, ಆ ದಳ ಕಟ್ಟಿದ್ದ ಡಿ ಮ್ಯೂರಾನ್ ಮನೆತನದ ಈಗಿನ ತಲೆಮಾರಿನವರು. ಅಷ್ಟು ದೂರದಿಂದ ಬಂದು ಮಾಡಿಸಬೇಕಾಯಿತು. ಮೈಸೂರಿಗೆ ಹೋಗುವಾಗ ಮದ್ದೂರು ವಡೆಗೆ ಗಾಡಿ ನಿಲ್ಲಿಸುವ ನಾವು ಅಲ್ಲಿ ಹತ್ತು ನಿಮಿಷ ನಿಲ್ಲಿಸಿದ್ದೀವಾ?

ಬರೀ ಬಿಳಿಯರ ಗೋರಿಯ ವಕೀಲಿಕೆ ಮಾಡುತ್ತಿದ್ದಾನೆ ಅಂದುಕೊಳ್ಳಬೇಡಿ. ನಮ್ಮದೇ ಕಥೆ ಕೇಳಿ. ನಮ್ಮ ಊರಿನ ಹೊರಗೆ ನಮ್ಮ ಮುತ್ತಜ್ಜನ ಸಮಾಧಿಯ ಜೊತೆಗೆ ಎರಡು ವೀರಗಲ್ಲೂ ಒಂದು ಮಾಸ್ತಿಕಲ್ಲೂ ಇದ್ದವು. ರಸ್ತೆ ಅಗಲ ಮಾಡುವಾಗ ಜೆಸಿಬಿ ಬಂತು. ಕಲ್ಲುಗಳನ್ನು ಪಕ್ಕಕ್ಕೆ ಇಡುತ್ತೇವೆ ಅಂದರು. ಒಂದು ಕಲ್ಲು ಈಗ ಚರಂಡಿಯ ಮೇಲೆ ಹಾಸಾಗಿದೆ, ಕೆತ್ತನೆ ಕೆಳಗಡೆ. ಇನ್ನೆರಡು ಎಲ್ಲಿ ಅಂತ ಕೇಳಿಕೊಂಡು ನಾನು ಮೂರು ಕಚೇರಿ ಅಲೆದೆ. ಮೂರನೆಯ ಕಚೇರಿಯವರು ಮೊದಲನೆಯದಕ್ಕೆ ಹೋಗಿ ಅಂದರು. ಇವು ಬಿಳಿಯರವಲ್ಲ, ಅಪ್ಪಟ ನಮ್ಮವರವು. ಗೋರಿಕಲ್ಲಿಗೆ ಬೆಲೆ ಇಲ್ಲ ಅನ್ನುವ ಅಭ್ಯಾಸ ಒಂದು ಸಲ ಬಂತೆಂದರೆ ಜೆಸಿಬಿ ಕುಲ ಗೋತ್ರ ಕೇಳುವುದಿಲ್ಲ.

ಕೋಲ್ಕತ್ತದಲ್ಲೇ ಇನ್ನೊಂದು ಜಾಗವಿದೆ. ಪಾರ್ಕ್ ಸ್ಟ್ರೀಟ್ ತುಂಬಿದ ಮೇಲೆ 1840ರಲ್ಲಿ ಶುರುವಾದ ಲೋಯರ್ ಸರ್ಕ್ಯುಲರ್ ರೋಡ್ ಸ್ಮಶಾನ, ಮಲ್ಲಿಕ್ ಬಜಾರಿನ ಮೂಲೆಯಲ್ಲಿ. ಅಲ್ಲಿ ಕವಿ ಮೈಕೆಲ್ ಮಧುಸೂದನ ದತ್ತ ಇದ್ದಾರೆ, 1873ರಲ್ಲಿ ಹೋದರು. ತಮ್ಮ ಗೋರಿಯ ಪದ್ಯವನ್ನು ತಾವೇ ಬಂಗಾಳಿಯಲ್ಲಿ ಬರೆದಿದ್ದರು. ದಾರಿಹೋಕನೇ ನಿಲ್ಲು, ನೀನು ಈ ಬಂಗಾಳದಲ್ಲಿ ಹುಟ್ಟಿದವನಾದರೆ ಒಂದು ಗಳಿಗೆ ನಿಲ್ಲು ಅಂತ ಶುರುವಾಗುತ್ತದೆ. ಸುತ್ತ ನೂರಾರು ಇಂಗ್ಲಿಷ್ ಬರಹಗಳ ನಡುವೆ ಆ ಬಂಗಾಳಿ ಅಕ್ಷರ ನೋಡಿದಾಗ ನನಗೆ ಏನನ್ನಿಸಿತು ಅಂದರೆ, ಪಕ್ಕದ ಸ್ಮಶಾನದಲ್ಲಿ ಕನ್ನಡದ ಒಂದು ಸಾಲು ಯಾಕಿರಬಾರದು?

ಇದೇ ನನ್ನ ಬೇಡಿಕೆ, ಸಂಪಾದಕರೇ. ದೊಡ್ಡದೇನಲ್ಲ. ಅನುಮತಿ ಪಡೆದು, ಗೋರಿಗೆ ಒಂದು ಮೊಳೆಯನ್ನೂ ಹೊಡೆಯದೆ, ಮೆಕೆಂಜಿಯ ಗೋರಿಯ ಪಕ್ಕ ನೆಲದಲ್ಲಿ ಒಂದು ಸಣ್ಣ ಫಲಕ. ಕನ್ನಡ, ತೆಲುಗು, ತಮಿಳು, ಬಂಗಾಳಿ, ಇಂಗ್ಲಿಷಿನಲ್ಲಿ. ಕೈಫಿಯತ್ತು ಅಂದರೆ ಏನು ಅಂತ ಎರಡು ಸಾಲು, ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯ ಅಂತ ಮೂರು ಹೆಸರು. ಅಷ್ಟೇ. ಖರ್ಚು ಒಂ‌ದು ಸನ್ಮಾನ ಸಮಾರಂಭದ ಹಾರ ಶಾಲುಗಳಿಗಿಂತ ಕಮ್ಮಿ ಬರುತ್ತದೆ. ನಮ್ಮ ಸರ್ಕಾರವೋ, ವಿಶ್ವವಿದ್ಯಾಲಯವೋ, ಇಲ್ಲಿನ ಕನ್ನಡಿಗರೋ ಯಾರು ಮಾಡಿದರೂ ಸರಿ. ಹಾಗೆಯೇ, ನಿಮ್ಮ ಪತ್ರಿಕೆ ಮನಸ್ಸು ಮಾಡಿದರೆ, ಓದುಗರು ತಮ್ಮ ತಮ್ಮ ಊರಿನ ಹಳೇ ಗೋರಿ, ವೀರಗಲ್ಲು, ಜೈನರ ಸಮಾಧಿಕಲ್ಲಾದ ನಿಷಿಧಿ, ಗದ್ದುಗೆಗಳ ಬರಹದ ಫೋಟೋ ತೆಗೆದು ಕಳಿಸಲಿ ಅಂತ ವಾರಕ್ಕೊಂದು ಮೂಲೆ ಬಿಡಬಹುದು. ಮೆಕೆಂಜಿಗೆ ಕುದುರೆ, ಡೇರೆ, ಗುಮಾಸ್ತರು ಬೇಕಾಗಿದ್ದರು. ನಮಗೆ ಫೋನು ಸಾಕು.

ಈ ಪತ್ರ ಬರೆದಿದ್ದೇನೆ ಅಂತ ಊರಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಭಾನುವಾರ ಭಾನುವಾರ ಮಸಣಕ್ಕೆ ಹೋಗ್ತೀಯಲ್ಲ, ಮನೆಗೆ ಬಂದು ತಲೆಗೆ ನೀರು ಹಾಕ್ಕೊಳ್ತೀಯೋ ಇಲ್ಲವೋ?" ಹಾಕಿಕೊಳ್ಳುತ್ತೇನೆ ಅಂದೆ. ಧರ್ಮಯ್ಯನವರ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಲೆಯೂರಿನವರಾ? ಹಂಗಾದ್ರೆ ಹೋದಾಗ ನನ್ನ ಲೆಕ್ಕದಲ್ಲೂ ಎರಡು ಹೂವು ಇಟ್ಟು ಬಾ" ಅಂದರು.

ಬರುವ ಮೇ 8ಕ್ಕೆ ಹೋಗುತ್ತೇನೆ. ಕೋಲ್ಕತ್ತದಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದಿದ್ದರೆ ಬನ್ನಿ, ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ, ಬಿಸಿಲು ಏರುವ ಮುಂಚೆ. ತುಂಬು ತೋಳಿನ ಅಂಗಿ ಹಾಕಿಕೊಂಡು ಬನ್ನಿ, ಒಳಗೆ ಸೊಳ್ಳೆ ಜಾಸ್ತಿ.

ಇಂತಿ,
ಚಾಮರಾಜನಗರ ಕಡೆಯ ನಿಮ್ಮ ಓದುಗ, ಸದ್ಯ ಕೋಲ್ಕತ್ತ